ಕಿಂಡಿಯಾಚೆ ಒನಕೆ

"ಸಾರ್, ಮೆಟ್ರೋ ನೆಲದೊಳಗೆ ಹೋದ್ಮೇಲೆ ಕಿಟಕಿಯಲ್ಲಿ ಏನೂ ಕಾಣಲ್ಲ ಸಾರ್, ಬರೀ ಕತ್ತಲು" ಅಂದ ಬೆಂಗಳೂರಿಗೆ ಹೋಗಿಬಂದ ಹುಡುಗ. ಚಿತ್ರದುರ್ಗದ ಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಅಂಥ ಕತ್ತಲಲ್ಲೇ ಒಬ್ಬರು ಸಿನಿಮಾ ಮಾಡಿದ್ದಾರೆ ಕಣೋ ಅಂತ ಮೊಬೈಲ್‌ನಲ್ಲಿ ವಿಡಿಯೋ ತೋರಿಸಿದೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮರ್ಟಲ್ ಅವೆನ್ಯೂ ಅನ್ನುವ, ಮುಚ್ಚಿಹೋದ ಸುರಂಗ ನಿಲ್ದಾಣವಿದೆ. 1980ರಲ್ಲಿ ಬಿಲ್ ಬ್ರ್ಯಾಂಡ್ ಎಂಬ ಕಲಾವಿದರು ಅಲ್ಲಿ ಕೈಯಲ್ಲಿ ಬರೆದ 228 ಚಿತ್ರಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮುಂದೆ ಸಣ್ಣ ಸಣ್ಣ ಕಿಂಡಿಗಳಿರುವ ಗೋಡೆ ನಿಲ್ಲಿಸಿದರು. ಹೆಸರು ಮಾಸ್‌ಟ್ರಾನ್ಸಿಸ್ಕೋಪ್. ಚಿತ್ರಗಳು ನಿಂತಲ್ಲೇ ಇರುತ್ತವೆ. ಓಡುವ ರೈಲಿನಿಂದ ಕಿಂಡಿಗಳ ಮೂಲಕ ನೋಡಿದವರಿಗೆ ಕುಣಿದಂತೆ ಕಾಣುತ್ತವೆ. ಹಾಳಾಗಿದ್ದ ಇದನ್ನು 2008ರಲ್ಲಿ ಮತ್ತೆ ಸರಿಪಡಿಸಿದರು. ಅದೇ ಊರಿನ ಫುಲ್ಟನ್ ಸೆಂಟರ್ ನಿಲ್ದಾಣದಲ್ಲಿ ಈಗ ಐವತ್ತಕ್ಕೂ ಹೆಚ್ಚು ಡಿಜಿಟಲ್ ಪರದೆಗಳಲ್ಲಿ ಕಲಾವಿದರ ವಿಡಿಯೋ ಬರುತ್ತವೆ. ಅವೂ ಚೆಂದವೇ. ನನಗೆ ಮಾತ್ರ ಹಳೆಯದರ ಮೇಲೇ ಪ್ರೀತಿ ಜಾಸ್ತಿ. ಪರದೆ ಯಾರೂ ಇಲ್ಲದಿದ್ದರೂ ಓಡುತ್ತದೆ. ಇದಕ್ಕೆ ಹಾದುಹೋಗುವ ಮನುಷ್ಯ ಬೇಕೇ ಬೇಕು.

ನಾವೂ ಮಾಡೋಣ ಅಂತ ಮಕ್ಕಳು ಹಟ ಹಿಡಿದರು. ಯಾವ ಚಿತ್ರ? ದುರ್ಗದ ಮಕ್ಕಳಿಗೆ ಕಿಂಡಿ ಅಂದರೆ ಇನ್ಯಾರು ನೆನಪಾಗಬೇಕು, ಓಬವ್ವನೇ. ಹೈದರಾಲಿಯ ಸೈನಿಕ ಕಿಂಡಿಯಿಂದ ತಲೆ ಹಾಕುವುದು, ಓಬವ್ವನ ಒನಕೆ ಮೇಲೇರುವುದು, ಇಳಿಯುವುದು, ಅವನು ಉರುಳುವುದು. ಒಂದೊಂದು ಚಿತ್ರದಲ್ಲೂ ಒನಕೆ ಒಂದು ಬೆರಳಷ್ಟು ಸರಿಯಬೇಕು. ಕಿಂಡಿಯಲ್ಲಿ ಹಾದುಹೋಗುತ್ತಾ ನೋಡಿದರೆ ಚಿತ್ರ ಅಗಲಕ್ಕೆ ಹಿಗ್ಗುತ್ತದೆ. ಹಾಗಾಗಿ ಓಬವ್ವನನ್ನು ಸಪೂರವಾಗಿ, ಕಡ್ಡಿ ಹಾಗೆ ಬರೆಸಿದೆ. "ಊಟ ಮಾಡಿಲ್ವಾ ಸಾರ್ ಇವ್ರು?" ಅಂತ ಒಬ್ಬಳು ಕೇಳಿದಳು.

ಕಪ್ಪು ಡ್ರಾಯಿಂಗ್ ಶೀಟಿನಲ್ಲಿ ಹತ್ತತ್ತು ಸೆಂಟಿಮೀಟರಿಗೆ ಒಂದರಂತೆ ಕಿಂಡಿ ಕೊಯ್ದೆವು. ಕಿಂಡಿ ಅಗಲವಾದರೆ ಚಿತ್ರ ಕಲಸಿಹೋಗುತ್ತದೆ, ಅದಕ್ಕೇ ಎರಡು ಮೂರು ಮಿಲಿಮೀಟರ್ ಅಷ್ಟೇ. ಗಣಪತಿ ಪೆಂಡಾಲಿಗೆ ಹಾಕುವ ಎಲ್‌ಇಡಿ ಪಟ್ಟಿಯನ್ನು ಒಳಗೆ ಚಿತ್ರಗಳ ಮೇಲೆ ಬೆಳಕು ಬೀಳುವಂತೆ ಅಂಟಿಸಿದೆವು. ಸಾಮಾನು ಇಡುವ ಉದ್ದನೆಯ ಕೋಣೆಯ ಕಿಟಕಿ ಮುಚ್ಚಿದೆವು.

ಮೆಟ್ರೋ ಹುಡುಗನೇ ಮೊದಲು ಹೋದ. ಮೆಲ್ಲಗೆ ನಡೆದಾಗ ಬರೀ ಗೆರೆಗಳು. ಬಿರುಸಾಗಿ ನಡೆದ ಕೂಡಲೇ "ಎತ್ತಿದ್ಲು ಸಾರ್! ಒನಕೆ ಎತ್ತಿದ್ಲು!" ಅಂತ ಕೂಗಿದ. ಬಿಸಿಯೂಟದ ಅಕ್ಕ ಸೌಟು ಹಿಡಿದೇ ಬಂದು ನೋಡಿದರು. ಹೋಗುತ್ತಾ ಮತ್ತೊಂದು ಸಲ ಹಾದರು. ಅವರ ಮುಖ ನೋಡಿ ನನಗೆ ಗಂಟಲು ಕಟ್ಟಿತು.

ಸಾಲು ಉದ್ದವಾಯಿತು. ಕಾಯಲಾರದ ಒಬ್ಬಳು ಆ ತುದಿಯ ಬಾಗಿಲಿನಿಂದ ನುಗ್ಗಿ ಈ ಕಡೆಗೆ ಓಡಿಬಂದಳು. "ಸಾರ್, ಬಿದ್ದಿದ್ದ ಸೈನಿಕ ಎದ್ದು ವಾಪಸ್ ಹೋದ!" ಅಂದಳು. ಆಮೇಲೆ ಎಲ್ಲರಿಗೂ ಆ ಬಾಗಿಲೇ ಬೇಕಾಯಿತು.