ಆರ್‌ವಿಯಲ್ಲೇ ವಾಸವಾದರೆ ಕಾಗದದ ಮೇಲೆ ಯಾವ ರಾಜ್ಯ?

ಅಮೆರಿಕದಲ್ಲಿ ಮನೆ ಮಾರಿ ಆರ್‌ವಿಯಲ್ಲೇ, ಅಂದರೆ ಮಲಗಲು, ಅಡುಗೆ ಮಾಡಲು ಸೌಕರ್ಯವಿರುವ ಗಾಡಿಯಲ್ಲೇ, ವರ್ಷಪೂರ್ತಿ ಇರಲು ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ: ಸೌತ್ ಡಕೋಟ, ಟೆಕ್ಸಸ್, ಫ್ಲಾರಿಡಾ, ಈ ಮೂರರಲ್ಲಿ ಯಾವುದನ್ನು ಲೈಸೆನ್ಸ್, ತೆರಿಗೆ, ಮತದಾನಕ್ಕೆಲ್ಲ ಸ್ವಂತ ರಾಜ್ಯ ಮಾಡಿಕೊಳ್ಳಬೇಕು?

ಆರೋಗ್ಯ ವಿಮೆ ನೋಡಿ ಆರಿಸಿ ಎನ್ನುವುದು ನನ್ನ ಉತ್ತರ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಅಲ್ಲಿ ತೂಗಿ ನೋಡಲು ಏನೂ ಉಳಿಯುವುದಿಲ್ಲ. ಗಾಡಿ ಕೊಂಡಾಗಿನ ತೆರಿಗೆ ಸೌತ್ ಡಕೋಟದಲ್ಲಿ ಶೇ. 4, ಫ್ಲಾರಿಡಾದಲ್ಲಿ ಶೇ. 6, ಟೆಕ್ಸಸ್‌ನಲ್ಲಿ ಶೇ. 6.25. ಒಂದು ಲಕ್ಷ ಡಾಲರ್ ಗಾಡಿಗೆ ಹೆಚ್ಚೆಂದರೆ 2,250 ಡಾಲರ್ ವ್ಯತ್ಯಾಸ, ಅದೂ ಒಂದೇ ಸಲ. ವಿಮೆಯ ಪೆಟ್ಟು ಬೀಳುವುದು ಪ್ರತಿ ತಿಂಗಳು.

65 ದಾಟಿ ಮೂಲ ಮೆಡಿಕೇರ್‌ನಲ್ಲಿದ್ದರೆ (ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಚಿಂತೆಯಿಲ್ಲ, ಅದು ದೇಶವೆಲ್ಲ ನಡೆಯುತ್ತದೆ. 65ರೊಳಗಿದ್ದು ಕಂಪನಿಯ ವಿಮೆಯೂ ಇಲ್ಲದವರು ಮಾರ್ಕೆಟ್‌ಪ್ಲೇಸ್‌ನಲ್ಲೇ, ಅಂದರೆ ವಿಮೆ ಕೊಳ್ಳುವ ಸರ್ಕಾರಿ ಜಾಲತಾಣದಲ್ಲೇ, ಕೊಳ್ಳಬೇಕು. ಅಲ್ಲಿ ನಿಮಗೆ ಕಾಣುವ ಯೋಜನೆಗಳನ್ನು ನಿರ್ಧರಿಸುವುದು ನಿಮ್ಮ ವಿಳಾಸದ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ. ಹಲವು ಯೋಜನೆಗಳು ಸ್ಥಳೀಯ ಆಸ್ಪತ್ರೆ ಜಾಲಕ್ಕೆ ಕಟ್ಟುಬಿದ್ದಿರುತ್ತವೆ. ಅಂಥ ಯೋಜನೆಯಿದ್ದು ಬೇರೆ ರಾಜ್ಯವಾದ ಅರಿಜೋನಾದಲ್ಲಿ ಹೃದಯಾಘಾತವಾದರೆ ತುರ್ತು ಚಿಕಿತ್ಸೆಗೆ ಹಣ ಬರುತ್ತದೆ, ಆಮೇಲಿನ ತಪಾಸಣೆಗಳಿಗೆ ಬರುವುದಿಲ್ಲ. ಆದ್ದರಿಂದ ವಿಳಾಸಕ್ಕಾಗಿ ಅಂಚೆಪೆಟ್ಟಿಗೆ ಬಾಡಿಗೆಗೆ ಹಿಡಿಯುವ ಮೊದಲೇ ಆ ಕೌಂಟಿಯ ಜಿಪ್ ಕೋಡ್ ಹಾಕಿ ಯೋಜನೆಗಳನ್ನು ತೆರೆದು ನೋಡಿ. ಬೇರೆ ರಾಜ್ಯದಲ್ಲಿ ಮಾಮೂಲಿ ಚಿಕಿತ್ಸೆಗೂ ಜಾಲ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಕಾಗದದ ಕೆಲಸ ಸೌತ್ ಡಕೋಟದಲ್ಲಿ ಸಲೀಸು. ಅಂಚೆ ಸೇವೆಯ ಕಂಪನಿಯಲ್ಲಿ ವಿಳಾಸ ತೆಗೆದುಕೊಂಡು, ನಿಮ್ಮ ಅಂಚೆಯನ್ನು ಅವರು ಪಡೆಯಲು ಒಪ್ಪಿಗೆ ಕೊಡುವ 1583 ನಮೂನೆಗೆ ನೋಟರಿ ಮುಂದೆ ಸಹಿ ಹಾಕಬೇಕು. ರಾಜ್ಯದೊಳಗಿನ ಕ್ಯಾಂಪ್‌ಗ್ರೌಂಡ್ ಅಥವಾ ಹೋಟೆಲಿನಲ್ಲಿ ಒಂದು ರಾತ್ರಿ ತಂಗಿದ ರಸೀದಿ, ವಾಸದ ಪ್ರಮಾಣಪತ್ರ, ಪಾಸ್‌ಪೋರ್ಟ್, ಸೋಶಿಯಲ್ ಸೆಕ್ಯುರಿಟಿ ದಾಖಲೆ ಕೊಟ್ಟರೆ ಐದು ವರ್ಷದ ಚಾಲನಾ ಲೈಸೆನ್ಸ್. ರಸೀದಿಯಲ್ಲಿ ನಿಮ್ಮ ಹೆಸರಿರಲಿ. ಗಂಡನ ಹೆಸರಿನದಷ್ಟೇ ಇದ್ದು ಹೆಂಡತಿಯ ಅರ್ಜಿ ನಿಲ್ಲುವುದುಂಟು. ಮತದಾನ ಮಾತ್ರ ಅಲ್ಲಿ ಕಷ್ಟವಾಗುತ್ತಿದೆ: 2023ರಲ್ಲಿ ಮತದಾರರ ನೋಂದಣಿಗೆ 30 ದಿನಗಳ ವಾಸದ ನಿಯಮ ತಂದರು. ಮತ ಹಾಕುವುದು ನಿಮಗೆ ಮುಖ್ಯವಾದರೆ ಇದನ್ನು ಹಗುರವಾಗಿ ತಳ್ಳಿಹಾಕಬೇಡಿ.

ಫ್ಲಾರಿಡಾದಲ್ಲಿ ಕೌಂಟಿಯ ಕ್ಲರ್ಕ್ ಬಳಿ ಡೊಮಿಸೈಲ್ ಘೋಷಣೆ, ಅಂದರೆ ಇದೇ ನನ್ನ ಶಾಶ್ವತ ವಾಸದ ರಾಜ್ಯ ಎಂಬ ಹೇಳಿಕೆ, ದಾಖಲಿಸಬಹುದು. ಹಳೆಯ ರಾಜ್ಯ ತಕರಾರು ತೆಗೆದಾಗ ಅದು ಒಳ್ಳೆಯ ಆಧಾರ. ಟೆಕ್ಸಸ್‌ನಲ್ಲಿ ಆರ್‌ವಿಯವರು ಹೆಚ್ಚಾಗಿ ಸೇರುವುದು ಪೋಕ್ ಕೌಂಟಿಯ ಲಿವಿಂಗ್‌ಸ್ಟನ್‌ಗೆ. 2025ರಿಂದ ಖಾಸಗಿ ಗಾಡಿಗಳ ಸುರಕ್ಷತಾ ತಪಾಸಣೆ ಅಲ್ಲಿ ರದ್ದಾಗಿದೆ. ಆದರೆ 26,000 ಪೌಂಡ್ ಮೀರಿದ ಮೋಟರ್‌ಹೋಮ್‌ಗೆ ಬೇರೆ ದರ್ಜೆಯ ಲೈಸೆನ್ಸ್ ಬೇಕು.

ಮೂರರಲ್ಲಿ ಯಾವುದಾದರೂ ಸರಿ, ಎಡವುವುದು ಬ್ಯಾಂಕಿನಲ್ಲಿ. ಬಾಡಿಗೆ ಅಂಚೆಪೆಟ್ಟಿಗೆಯ ವಿಳಾಸವನ್ನು ಅವರ ಗಣಕ ಗುರುತಿಸಿ, ವಾಸದ ವಿಳಾಸ ಕೊಡಿ ಎನ್ನುತ್ತದೆ. ಮನೆ ಬಿಡುವ ಮುಂಚೆಯೇ ಖಾತೆಗಳನ್ನು ತೆರೆದಿಟ್ಟುಕೊಳ್ಳಿ. ಗಾಡಿಯ ವಿಮೆಗಾರನಿಗೂ ಪೂರ್ಣಕಾಲ ಇದರಲ್ಲೇ ವಾಸ ಎಂದು ಹೇಳಿಬಿಡಿ. ರಜೆಯ ಗಾಡಿ ಎಂದು ಮಾಡಿಸಿದ ಪಾಲಿಸಿಯಲ್ಲಿ ಕ್ಲೇಮ್ ತಿರಸ್ಕಾರವಾಗಬಹುದು.

ಹಳೆಯ ರಾಜ್ಯದ ಎಳೆಗಳನ್ನೂ ಪೂರ್ತಿ ಕಡಿಯಬೇಕು. ನ್ಯೂಯಾರ್ಕ್‌ನಲ್ಲಿ ಮನೆ ಉಳಿಸಿಕೊಂಡು 183 ದಿನಕ್ಕಿಂತ ಹೆಚ್ಚು ಅಲ್ಲಿದ್ದರೆ, ಲೈಸೆನ್ಸ್ ಎಲ್ಲಿಯದಾದರೂ ತೆರಿಗೆ ಅಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ಗಾಡಿ ನಿಲ್ಲಿಸಿ ಕೆಲಸ ಮಾಡಿದ ದಿನಗಳ ಸಂಪಾದನೆಯ ಮೇಲೂ ಅದರ ಹಕ್ಕಿದೆ.

ವೀಸಾದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು. ಎಚ್-1ಬಿ ಎಂಬ ಕೆಲಸದ ವೀಸಾದ ಅರ್ಜಿ ನಿಗದಿತ ಕೆಲಸದ ಜಾಗಕ್ಕೆ ಅಂಟಿಕೊಂಡಿದೆ. ಆ ನಗರ ಪ್ರದೇಶ ಬಿಟ್ಟು ಬೇರೆಡೆ ಕೂತು ಕೆಲಸ ಮಾಡುವುದಕ್ಕೆ ಸಾಮಾನ್ಯವಾಗಿ ತಿದ್ದುಪಡಿ ಅರ್ಜಿ ಬೇಕು. ಹಾಗಾಗಿ ಎಚ್-1ಬಿಯಲ್ಲಿ ಪೂರ್ಣಕಾಲದ ಅಲೆದಾಟ ಬೇಡವೇ ಬೇಡ ಎನ್ನುತ್ತೇನೆ. ಗ್ರೀನ್ ಕಾರ್ಡ್ (ಶಾಶ್ವತ ವಾಸದ ಪರವಾನಗಿ) ಇದ್ದವರೂ ವಿಳಾಸ ಬದಲಾದ 10 ದಿನದೊಳಗೆ ವಿಳಾಸ ತಿಳಿಸುವ ಎಆರ್-11 ನಮೂನೆ ತುಂಬಬೇಕು. ಪೌರತ್ವದ ಅರ್ಜಿಗೆ ಮುಂಚೆ ಅದೇ ರಾಜ್ಯದಲ್ಲಿ ಮೂರು ತಿಂಗಳ ವಾಸ ತೋರಿಸಬೇಕಾದ್ದರಿಂದ, ಆ ಅರ್ಜಿ ಮುಗಿಯುವ ತನಕ ರಾಜ್ಯ ಬದಲಿಸದಿರುವುದೇ ಕ್ಷೇಮ.