ವೆನಿಸ್‌ನಿಂದ ಅಮಾಲ್ಫಿಗೆ: ಬಸ್ಸು ಇಳಿಸಿದ ಮೇಲಿನ ಇಟಲಿ

ವೆನಿಸ್‌ಗೆ ಟೂರ್ ಬಸ್ಸು ಹೋಗುತ್ತದೆ, ವೆನಿಸ್‌ನೊಳಗೆ ಹೋಗುವುದಿಲ್ಲ. ಮುಖ್ಯಭೂಮಿಯ ಮೇಸ್ತ್ರೆ ದಾಟಿ, ಹಿನ್ನೀರಿನ ಮೇಲೆ ನಾಲ್ಕು ಕಿಲೋಮೀಟರಿನಷ್ಟು ಉದ್ದಕ್ಕೆ ಚಾಚಿಕೊಂಡ ಲಿಬೆರ್ತಾ ಸೇತುವೆ ಮುಗಿಯುತ್ತಿದ್ದಂತೆ ಬಲಕ್ಕೆ ತಿರುಗಿ, ತ್ರೊಂಕೆತ್ತೊ ಎಂಬ ಕೃತಕ ದ್ವೀಪದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಸಾನ್ ಮಾರ್ಕೊ ಚೌಕದ ದಡಕ್ಕೆ ದೋಣಿಯಲ್ಲಿ ಸುಮಾರು ಅರ್ಧ ಗಂಟೆ. ಹೋಗಿ ಬರಲು ಒಂದು ಗಂಟೆ ಆಯಿತು. ದೋಣಿಗೆ ಕಾಯುವ ಹೊತ್ತು ಬೇರೆ. ಕಾರ್ಯಕ್ರಮಪಟ್ಟಿಯಲ್ಲಿ ಬರೆದ 'ವೆನಿಸ್ ಅರ್ಧ ದಿನ' ಎಂಬುದರಿಂದ ಇಷ್ಟನ್ನು ಕಳೆದೇ ಲೆಕ್ಕ ಹಾಕಬೇಕು.

ಇಟಲಿಯ ಬಹುತೇಕ ಹಳೆಯ ಊರುಗಳ ನಡುಭಾಗಕ್ಕೆ ವಾಹನ ಪ್ರವೇಶ ನಿರ್ಬಂಧವಿದೆ. ಗಡಿಯಲ್ಲಿ ಕ್ಯಾಮೆರಾ ಇರುತ್ತದೆ, ತಪ್ಪಿ ನುಗ್ಗಿದರೆ ದಂಡ ಮನೆಗೇ ಬರುತ್ತದೆ. ಬಸ್ಸುಗಳಿಗೆ ಇಳಿಸಲು ಒಂದು ಜಾಗ, ನಿಲ್ಲಿಸಲು ಇನ್ನೊಂದು ಜಾಗ, ಎರಡಕ್ಕೂ ಮುಂಗಡ ಪರವಾನಗಿ. ಆದ್ದರಿಂದ ಟೂರ್ ಕಂಪನಿಯವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಹೋಟೆಲಿನ ನಕ್ಷತ್ರಗಳ ಬಗ್ಗೆ ಅಲ್ಲ. ಪ್ರತಿ ಊರಿನಲ್ಲಿ ಬಸ್ಸು ಎಲ್ಲಿ ಇಳಿಸುತ್ತದೆ, ಅಲ್ಲಿಂದ ಎಷ್ಟು ದೂರ ನಡಿಗೆ, ಎಷ್ಟು ಹೊತ್ತಿಗೆ ಮತ್ತೆ ಹತ್ತಬೇಕು ಎಂದು ಕೇಳಿ. ಮಂಡಿನೋವಿನ ಹಿರಿಯರು ಜೊತೆಗಿದ್ದರಂತೂ ಇದನ್ನು ಬರೆಸಿಕೊಳ್ಳುವುದೇ ಒಳ್ಳೆಯದು.

ವೆನಿಸ್‌ನ ಇನ್ನೆರಡು ನಿಯಮ ಗುಂಪಿನವರಿಗೆ ನೇರವಾಗಿ ತಟ್ಟುತ್ತವೆ. 2024ರಿಂದ ಒಬ್ಬ ಗೈಡ್ ಹಿಂದೆ 25ಕ್ಕಿಂತ ಹೆಚ್ಚು ಜನ ಹೋಗುವಂತಿಲ್ಲ, ಧ್ವನಿವರ್ಧಕವೂ ನಿಷಿದ್ಧ. 45 ಜನರ ಬಸ್ಸಿಗೆ ಇಬ್ಬರು ಗೈಡ್ ಬೇಕು. ಒಬ್ಬರನ್ನಷ್ಟೇ ಗೊತ್ತು ಮಾಡಿದ್ದರೆ ಅರ್ಧ ಗುಂಪು ಕಾಯುತ್ತಾ ನಿಲ್ಲುತ್ತದೆ. ಎರಡನೆಯದು ಹಗಲು ಬಂದು ಹೋಗುವವರ ಪ್ರವೇಶ ಶುಲ್ಕ. ಇದೂ ಶುರುವಾದದ್ದು 2024ರಲ್ಲೇ. 2025ರಲ್ಲಿ 54 ದಿನಗಳಿಗೆ, ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಅನ್ವಯವಾಗಿತ್ತು: ಮುಂಚಿತವಾಗಿ ಕಟ್ಟಿದವರಿಗೆ 5 ಯೂರೊ, ಕೊನೆಯ ಮೂರು ದಿನದಲ್ಲಿ ಕಟ್ಟಿದವರಿಗೆ 10. ಮೇಸ್ತ್ರೆಯಲ್ಲಿ ತಂಗಿದವರಿಗೆ ವಿನಾಯಿತಿ ಇದೆ, ಏಕೆಂದರೆ ಅದು ವೆನಿಸ್ ನಗರಸಭೆಗೇ ಸೇರಿದ್ದು. ಆದರೂ ಹೆಸರು ನೋಂದಾಯಿಸಿ ಕ್ಯೂಆರ್ ಕೋಡ್ ಪಡೆದಿರಬೇಕು. ಅದರ ಹೊರಗಿನ ಪಾದೊವಾದಲ್ಲೋ ಯೇಸೊಲೊದಲ್ಲೋ ಅಗ್ಗದ ಹೋಟೆಲ್ ಕೊಟ್ಟಿದ್ದರೆ ವಿನಾಯಿತಿ ಇಲ್ಲ.

ಬಸ್ಸಿನ ದಿನಚರಿ ಚಾಲಕನ ಗಡಿಯಾರಕ್ಕೆ ಕಟ್ಟುಬಿದ್ದದ್ದು. ಯುರೋಪಿನ ಕಾನೂನಿನಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ, ದಿನಕ್ಕೆ 9 ಗಂಟೆ ಚಾಲನೆ (ವಾರಕ್ಕೆ ಎರಡು ದಿನ 10 ಆಗಬಹುದು), ರಾತ್ರಿ ಸಾಮಾನ್ಯವಾಗಿ 11 ಗಂಟೆ ವಿಶ್ರಾಂತಿ. ಬಸ್ಸಿನಲ್ಲಿರುವ ಟ್ಯಾಕೊಗ್ರಾಫ್ ಎಲ್ಲವನ್ನೂ ದಾಖಲಿಸುತ್ತದೆ. ಬೆಳಿಗ್ಗೆ 8ಕ್ಕೆ ಕೆಲಸ ಶುರು ಮಾಡಿದ ಚಾಲಕ ರಾತ್ರಿ 9ರ ಹೊತ್ತಿಗೆ ಬಸ್ಸು ಬಿಟ್ಟು ಮಲಗುವಂತಿರಬೇಕು. ಒಂದು ಕಡೆ 20 ನಿಮಿಷ ತಡವಾಗಿ ಬಂದ ನಾಲ್ವರಿಂದ ಕೊನೆಯ ತಾಣವೇ ಕೈಬಿಟ್ಟುಹೋಗುವುದು ಹೀಗೆ. ಚಾಲಕ ಮೊಂಡುತನ ಮಾಡುತ್ತಿದ್ದಾನೆ ಎಂದುಕೊಳ್ಳಬೇಡಿ, ಸಿಕ್ಕಿಬಿದ್ದರೆ ದಂಡ ಕಟ್ಟುವವನು ಅವನೇ. ನಿಂತ ಬಸ್ಸಿನ ಎಂಜಿನ್ ಚಾಲೂ ಇಟ್ಟು ಎಸಿ ಹಾಕುವುದೂ ಅಲ್ಲಿ ಅಪರಾಧ. ಜುಲೈನಲ್ಲಿ ಬಸ್ಸು ಹತ್ತಿದಾಗ ಒಳಗೆ ಕುದಿಯುತ್ತಿದ್ದರೆ ಕಾರಣ ಅದು. ಬಸ್ಸಿನ ಶೌಚಾಲಯವನ್ನು ತುರ್ತಿಗೆ ಬಿಟ್ಟರೆ ತೆರೆಯುವುದಿಲ್ಲ. ಹೆದ್ದಾರಿ ನಿಲ್ದಾಣದಲ್ಲೇ ಮುಗಿಸಿಕೊಳ್ಳಿ, ಚಿಲ್ಲರೆ ನಾಣ್ಯ ಜೇಬಿನಲ್ಲಿರಲಿ.

ವೆನಿಸ್‌ನಿಂದ ಫ್ಲಾರೆನ್ಸ್‌ಗೆ ಸುಮಾರು 260 ಕಿ.ಮೀ. ಬೊಲೋನ್ಯಾ ದಾಟಿದ ಮೇಲೆ ಅಪೆನ್ನೈನ್ ಬೆಟ್ಟಸಾಲು. 2015ರಲ್ಲಿ ತೆರೆದ ಹೊಸ ಸುರಂಗಮಾರ್ಗದಿಂದ ಆ ಹಾದಿ ಸಲೀಸಾಗಿದೆ. ಫ್ಲಾರೆನ್ಸ್‌ನಲ್ಲಿ ಆರ್ನೋ ನದಿಯ ದಂಡೆಯಲ್ಲಿ ಇಳಿದು ಒಳಗೆ ನಡೆಯಬೇಕು, ಕಲ್ಲುಹಾಸಿನ ಬೀದಿಗಳಲ್ಲಿ. ಸೋಮವಾರ ಉಫೀತ್ಸಿ ಸಂಗ್ರಹಾಲಯವೂ ಮೈಕೆಲಾಂಜೆಲೊನ ದಾವೀದ ಶಿಲ್ಪ ನಿಂತಿರುವ ಅಕಾದೆಮಿಯಾವೂ ಮುಚ್ಚಿರುತ್ತವೆ. ಪಟ್ಟಿಯಲ್ಲಿ ಫ್ಲಾರೆನ್ಸ್ ಸೋಮವಾರ ಬಿದ್ದಿದ್ದರೆ ಹಣ ಕಟ್ಟುವ ಮೊದಲೇ ತಕರಾರು ಎತ್ತಿ. ಊರಿನ ಪ್ರಧಾನ ಚರ್ಚಿನ ಮೇಲೆ ಬ್ರುನೆಲ್ಲೆಸ್ಕಿ ಕಟ್ಟಿದ ಗುಮ್ಮಟ ಹತ್ತಲು 463 ಮೆಟ್ಟಿಲು, ಲಿಫ್ಟ್ ಇಲ್ಲ, ಹೊತ್ತು ನಿಗದಿಯಾದ ಟಿಕೆಟ್ ಬೇಕು. ಗುಂಪಿನ ಕಾರ್ಯಕ್ರಮದೊಳಗೆ ಇದನ್ನು ತುರುಕಲು ಹೋಗದಿರುವುದೇ ವಾಸಿ.

ಪೀಸಾದಲ್ಲಿ ಬಸ್ಸು ನಿಲ್ದಾಣದಿಂದ ಗೋಪುರದ ಬಯಲಿಗೆ ಸುಮಾರು ಒಂದು ಕಿಲೋಮೀಟರ್. ಒಂದೂವರೆ ಗಂಟೆ ಧಾರಾಳ.

ಈ ಇಡೀ ದಾರಿಯಲ್ಲಿ ಹೆಚ್ಚು ಹೊತ್ತು ಮೀಸಲಿಡಬೇಕಾದದ್ದು ಚಿಂಕ್ವೆ ತೆರ್ರೆಗೆ. ಲಿಗೂರಿಯಾ ಕರಾವಳಿಯ ಐದು ಹಳ್ಳಿಗಳು: ರಿಯೊಮಜ್ಜೋರೆ, ಮನಾರೋಲಾ, ಕೊರ್ನೀಲ್ಯಾ, ವೆರ್ನಾತ್ಸಾ, ಮೊಂತೆರೊಸ್ಸೊ. ಸಮುದ್ರದಿಂದ ನೆಟ್ಟಗೆ ಏಳುವ ಗುಡ್ಡಕ್ಕೆ ಗಾರೆಯಿಲ್ಲದೆ ಕಲ್ಲು ಜೋಡಿಸಿ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆದ ಜನ ಇಲ್ಲಿಯವರು. ಆ ಗೋಡೆಗಳನ್ನು ನೋಡಿಕೊಳ್ಳುವವರಿಲ್ಲದೆ ಹೋದಲ್ಲಿ ಮಣ್ಣು ಜಾರುತ್ತದೆ. 2011ರ ಅಕ್ಟೋಬರ್ 25ರ ಮಳೆಯಲ್ಲಿ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊದ ಬೀದಿಗಳು ಕೆಸರಿನಲ್ಲಿ ಹೂತುಹೋಗಿದ್ದವು. ರಿಯೊಮಜ್ಜೋರೆಯಿಂದ ಮನಾರೋಲಾಕ್ಕೆ ಕಡಲ ಅಂಚಿನಲ್ಲೇ ಸಾಗುವ 'ವೀಯಾ ದೆಲ್ಲ್ ಅಮೋರೆ' ಕಾಲುದಾರಿ 2012ರಲ್ಲಿ ಕಲ್ಲು ಕುಸಿದು ಮುಚ್ಚಿದ್ದು ಪೂರ್ತಿ ತೆರೆದದ್ದು 2024ರಲ್ಲಿ. ಒಂದು ಕಿಲೋಮೀಟರ್ ಕೂಡ ಇಲ್ಲ, ಆದರೆ ಪ್ರತ್ಯೇಕ ಟಿಕೆಟ್, ನಿಗದಿತ ಹೊತ್ತು.

ಬಸ್ಸು ಪಕ್ಕದ ಲಾ ಸ್ಪೆತ್ಸಿಯಾ ನಗರದಲ್ಲೇ ಉಳಿಯುತ್ತದೆ. ಅಲ್ಲಿಂದ ರೈಲು, ರಿಯೊಮಜ್ಜೋರೆಗೆ ಹತ್ತು ನಿಮಿಷವೂ ಆಗದು. ಗುಂಪುಗಳು ಎಡವುವುದು ಇಲ್ಲಿಯೇ. ನಲವತ್ತು ಜನ ಒಂದೇ ಬಾಗಿಲಿಗೆ ಮುತ್ತಿಕೊಳ್ಳುತ್ತಾರೆ, ರೈಲು ನಿಲ್ಲುವುದು ಒಂದೆರಡು ನಿಮಿಷ, ಅರ್ಧ ಜನ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ. ಎಂಟೆಂಟು ಜನರ ತಂಡ ಮಾಡಿ ಪ್ಲಾಟ್‌ಫಾರ್ಮಿನುದ್ದಕ್ಕೂ ಹಂಚಿ ನಿಲ್ಲಿಸಿ, ಪ್ರತಿ ತಂಡಕ್ಕೂ ಇಳಿಯುವ ನಿಲ್ದಾಣದ ಹೆಸರು ಬಾಯಿಪಾಠವಿರಲಿ. ವೆರ್ನಾತ್ಸಾದಲ್ಲಿ ಪ್ಲಾಟ್‌ಫಾರ್ಮಿನ ಒಂದು ಭಾಗ ಸುರಂಗದೊಳಗಿದೆ. ಹೊರಗೆ ಕತ್ತಲೆ ಕಂಡು 'ಇನ್ನೂ ನಿಲ್ದಾಣ ಬಂದಿಲ್ಲ' ಎಂದು ಕೂತವರು ಮೊಂತೆರೊಸ್ಸೊಕ್ಕೆ ಹೋಗಿ ಇಳಿಯುತ್ತಾರೆ. ಕೊರ್ನೀಲ್ಯಾ ಮಾತ್ರ ಗುಡ್ಡದ ನೆತ್ತಿಯಲ್ಲಿದೆ, ರೈಲು ನಿಲ್ದಾಣದಿಂದ 370ಕ್ಕೂ ಹೆಚ್ಚು ಮೆಟ್ಟಿಲು. ಒಂದೇ ದಿನವಿದ್ದರೆ ಇದನ್ನು ಬಿಟ್ಟು ಮನಾರೋಲಾ, ವೆರ್ನಾತ್ಸಾ ಎರಡನ್ನೇ ನಿಧಾನವಾಗಿ ನೋಡಿ. ಮರಳುವಾಗ ದೋಣಿ ಸಿಕ್ಕರೆ ಹಳ್ಳಿಗಳು ಕಡಲಿನಿಂದ ಹೇಗೆ ಕಾಣುತ್ತವೆಂಬುದು ತಿಳಿಯುತ್ತದೆ. ಅಲೆ ಎದ್ದ ದಿನ ದೋಣಿ ರದ್ದಾಗುತ್ತದೆ, ಆದ್ದರಿಂದ ರೈಲಿನ ಟಿಕೆಟ್ ಕೈಯಲ್ಲಿರಬೇಕು. ಹವಾಯಿ ಚಪ್ಪಲಿಯಲ್ಲಿ ಬೆಟ್ಟದ ಕಾಲುದಾರಿ ಹಿಡಿದರೆ ದಂಡ ಹಾಕುತ್ತಾರೆ.

ಸಸ್ಯಾಹಾರಿಗಳಿಗೆ ಈ ಕರಾವಳಿ ಒಂದು ವರ. ಫರಿನಾತಾ ಎಂಬ ತಿಂಡಿ ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಇಷ್ಟರಿಂದಲೇ ಆದದ್ದು. ಹಿಟ್ಟನ್ನು ಕೆಲವು ಗಂಟೆ ನೆನೆಯಲು ಬಿಟ್ಟು, ಅಗಲವಾದ ತಾಮ್ರದ ತಟ್ಟೆಗೆ ಹುಯ್ದು ಸೌದೆ ಒಲೆಯಲ್ಲಿ ಸುಡುತ್ತಾರೆ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಅದೇ ಕರಾವಳಿಯ ಪೆಸ್ತೊ ಎಂಬ ಹಸಿರು ಚಟ್ನಿಯಲ್ಲಿ ಮಾತ್ರ ಪಾರ್ಮಿಜಾನೊ ಚೀಸ್ ಇರುತ್ತದೆ, ಆ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್ ಹಾಕಿಯೇ ಹೆಪ್ಪುಗಟ್ಟಿಸುವುದು. 'ಸೆಂತ್ಸಾ ಕಾರ್ನೆ' ಎಂದರೆ ಮಾಂಸವಿಲ್ಲದ್ದು ಎಂದಷ್ಟೇ ಅರ್ಥ, ಮೀನು ಬರಬಹುದು. 'ಸೆಂತ್ಸಾ ಪೆಶೆ' ಎಂದೂ ಸೇರಿಸಿ. ಚೀಸೂ ಬೇಡದವರಿಗೆ ಪಿತ್ಸಾ ಮರಿನಾರಾ ಇದೆ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ.

ರೋಮ್‌ನಲ್ಲಿ ವ್ಯಾಟಿಕನ್‌ಗೆ ಬರುವ ಬಸ್ಸುಗಳಿಗೆ ಜಾನಿಕೊಲೊ ಗುಡ್ಡದ ಕೆಳಗೆ ನೆಲದಡಿಯ ನಿಲ್ದಾಣವಿದೆ, ಅಲ್ಲಿಂದ ಸೇಂಟ್ ಪೀಟರ್ಸ್‌ಗೆ ಹತ್ತು ನಿಮಿಷದ ನಡಿಗೆ. ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರ ವ್ಯಾಟಿಕನ್ ಸಂಗ್ರಹಾಲಯ ಮುಚ್ಚಿರುತ್ತದೆ. ಹೆಗಲು, ಮಂಡಿ ಮುಚ್ಚಿದ ಉಡುಪು ಕಡ್ಡಾಯ. ಸೀರೆ, ಚೂಡಿದಾರಕ್ಕೆ ತೊಂದರೆಯಿಲ್ಲ, ತೋಳಿಲ್ಲದ ರವಿಕೆಯಾದರೆ ಮೇಲೊಂದು ಶಾಲು ಹೊದೆಯಬೇಕು. ಕೊಲೊಸಿಯಮ್ ಟಿಕೆಟ್‌ನಲ್ಲಿ ಹೆಸರು ಅಚ್ಚಾಗಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ಅಲ್ಲಿಂದ ಕಾಪಿತೋಲಿನೊ ಗುಡ್ಡದತ್ತ ನಡೆದರೆ ಕಡಿದಾದ ಮೆಟ್ಟಿಲ ಮೇಲೆ ಆರಾಚೇಲಿ ಚರ್ಚು. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ಕಂಡವನು, ಉಳ್ಳಾಲದ ರಾಣಿಯನ್ನೂ ಭೇಟಿಯಾದವನು. ದಾರಿಯಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಆ ಪ್ರಯಾಣವಿಡೀ ಜೊತೆಗೇ ಕೊಂಡೊಯ್ದು ಕೊನೆಗೆ ಮಣ್ಣು ಮಾಡಿದ್ದು ಈ ಚರ್ಚಿನಲ್ಲಿ. ಕನ್ನಡಿಗರ ಗುಂಪು ಇಲ್ಲಿ ಹತ್ತು ನಿಮಿಷ ನಿಲ್ಲಲೇಬೇಕು.

ರೋಮ್‌ನಿಂದ ಪಾಂಪೇಯಿಗೆ ಸುಮಾರು 240 ಕಿ.ಮೀ. 'ರೋಮ್-ಪಾಂಪೇಯಿ-ಅಮಾಲ್ಫಿ-ರೋಮ್, ಒಂದೇ ದಿನ' ಎಂದು ಬರೆದ ಪಟ್ಟಿಯನ್ನು ಒಪ್ಪಬೇಡಿ. ಚಾಲಕನ ಗಂಟೆಗಳ ಲೆಕ್ಕ ಹಾಕಿದರೆ ಪಾಂಪೇಯಿಗೆ ಒಂದೂವರೆ ಗಂಟೆ, ಅಮಾಲ್ಫಿಗೆ ಕಿಟಕಿಯ ನೋಟ ಉಳಿಯುತ್ತದೆ. ಅಮಾಲ್ಫಿ ಸಮೀಪದ ಸಲೆರ್ನೊದಲ್ಲೋ ಸೊರ್ರೆಂತೊದಲ್ಲೋ ಎರಡು ರಾತ್ರಿ ತಂಗುವ ಕಾರ್ಯಕ್ರಮ ಹುಡುಕಿ. ಪಾಂಪೇಯಿಯಲ್ಲಿ 30×30×15 ಸೆಂ.ಮೀ.ಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ನೆರಳು ತೀರ ಕಡಿಮೆ, ಬಂಡಿಯ ಗಾಲಿ ಕೊರೆದ ಕಲ್ಲುಬೀದಿಯಲ್ಲಿ ಕಾಲು ಹೊರಳುತ್ತದೆ. ನೀರಿನ ಬಾಟಲಿ, ಟೋಪಿ, ಗಟ್ಟಿ ಅಡಿಯ ಬೂಟು ಬೇಕೇ ಬೇಕು.

ಅಮಾಲ್ಫಿ ಕರಾವಳಿಯ 163ನೇ ಹೆದ್ದಾರಿ ಬಂಡೆಗೆ ಅಂಟಿಕೊಂಡ ಓಣಿಯಂಥದ್ದು. ದೊಡ್ಡ ಬಸ್ಸುಗಳಿಗೆ ಉದ್ದದ ಮಿತಿಯಿದೆ, ಆದ್ದರಿಂದ ಗುಂಪನ್ನು ಸಣ್ಣ ಬಸ್ಸುಗಳಿಗೆ ಹಂಚುತ್ತಾರೆ. ಸೊರ್ರೆಂತೊ ಕಡೆಯಿಂದ ಬರುವವರಿಗೆ ಕಡಲು ಬಲಕ್ಕೆ. ವಾಂತಿಯಾಗುವವರು ಮುಂದಿನ ಸೀಟು ಹಿಡಿದು, ಹೊರಡುವ ಮುನ್ನವೇ ಮಾತ್ರೆ ನುಂಗಲಿ. ಎದುರು ಬಸ್ಸು ಬಂದಾಗ ಒಬ್ಬರು ಹಿಂದಕ್ಕೆ ಸರಿಯಬೇಕು, ಆಗಸ್ಟ್‌ನಲ್ಲಿ ಅದಕ್ಕೇ ಗಂಟೆಗಟ್ಟಲೆ ಹೋಗುತ್ತದೆ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಪ್ರವಾಸಕ್ಕೆ ಇನ್ನೂ ಒಳ್ಳೆಯ ಉಪಾಯವಿದೆ. ದೊಡ್ಡ ಬಸ್ಸನ್ನು ಸಲೆರ್ನೊದ ಬಂದರಿನಲ್ಲಿ ಬಿಟ್ಟು ಫೆರಿ ಹತ್ತಿ. ಅಮಾಲ್ಫಿಗೆ ಸುಮಾರು 35 ನಿಮಿಷ, ಪೊಸಿತಾನೊಗೆ ಇನ್ನೊಂದು ಅರ್ಧ ಗಂಟೆ. ನಿಂಬೆತೋಟದ ಮೆಟ್ಟಿಲುಗಳು, ಅದರ ಕೆಳಗೆ ಆ ಓಣಿ ರಸ್ತೆ, ಅದರಲ್ಲಿ ಸಿಕ್ಕಿಕೊಂಡ ಬಸ್ಸುಗಳ ಸಾಲು, ಎಲ್ಲವೂ ನೀರಿನಿಂದ ಒಂದೇ ನೋಟಕ್ಕೆ ಸಿಗುತ್ತದೆ. ಇಳಿದ ಕೂಡಲೇ ಕಟ್ಟೆಯ ಮೇಲಿನ ಫಲಕದಲ್ಲಿ ವಾಪಸ್ ದೋಣಿಯ ಕೊನೆಯ ಹೊತ್ತನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಅದಕ್ಕಿಂತ ಒಂದು ದೋಣಿ ಮುಂಚೆಯೇ ಇಡೀ ಗುಂಪು ಕಟ್ಟೆಯ ಮೇಲಿರಲಿ.