ಅಮ್ಮನಿಗೆ ಪಾಸ್‌ಪೋರ್ಟ್ ಇಲ್ಲ, ಕ್ರೂಸ್‌ಗೆ ಕರೆದುಕೊಂಡು ಹೋಗಬಹುದಾ?

ಅಮ್ಮನನ್ನು ಮುಂಬೈಯಿಂದ ಹಡಗಿನಲ್ಲಿ ಸುತ್ತಾಡಿಸಿಕೊಂಡು ಬಂದ ಮೇಲೆ ನಮ್ಮ ಬಳಗದಲ್ಲಿ ನಾನು ಹಡಗಿನ ವಿಷಯಕ್ಕೆ ತಜ್ಞೆಯಾಗಿಬಿಟ್ಟಿದ್ದೇನೆ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಅದೇ ಪ್ರಶ್ನೆ, ರಾತ್ರಿ ಬರುವ ವಾಟ್ಸ್ಆ್ಯಪ್‌ನಲ್ಲೂ ಅದೇ: "ನಮ್ಮಮ್ಮಂಗೆ ಪಾಸ್‌ಪೋರ್ಟ್ ಇಲ್ಲ ಕಣೇ. ಇದ್ದದ್ದೂ ಯಾವಾಗಲೋ ಅವಧಿ ಮುಗಿದು ಬೀರುವಲ್ಲಿ ಬಿದ್ದಿದೆ. ಕ್ರೂಸ್‌ಗೆ ಕರೆದುಕೊಂಡು ಹೋಗಬಹುದಾ?"

ಹೋಗಬಹುದು. ಹಡಗು ಭಾರತದ ಬಂದರಿನಿಂದ ಹೊರಟು, ಭಾರತದ ಬಂದರುಗಳನ್ನೇ ಮುಟ್ಟಿ ಬರುವುದಾದರೆ ಭಾರತೀಯರಿಗೆ ಪಾಸ್‌ಪೋರ್ಟ್ ಬೇಡ. ಆಧಾರ್, ಮತದಾರರ ಚೀಟಿಯಂಥ ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿಯ ಮೂಲಪ್ರತಿ ಇದ್ದರೆ ಸಾಕು. ಇಷ್ಟು ಹೇಳಿದ ಕೂಡಲೇ ಕೇಳಿದವರು ಟಿಕೆಟ್ ಬುಕ್ ಮಾಡಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ ಅನ್ನುವುದಕ್ಕೇ ಇದನ್ನು ಬರೆಯುತ್ತಿರುವುದು. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಪಾಸ್‌ಪೋರ್ಟ್ ಅನ್ನುವುದು ಎಲ್ಲಕ್ಕಿಂತ ಸುಲಭವಾಗಿ ಬಗೆಹರಿಯುವ ತೊಡಕು. ಅದಕ್ಕಿಂತ ದೊಡ್ಡದು ಹಡಗಿನಿಂದ ದಡಕ್ಕೆ ಇಳಿಯುವ ಬಗೆ. ಅದನ್ನು ಯಾರೂ ಕೇಳುವುದೇ ಇಲ್ಲ.

ಮೊದಲು ಮಾರ್ಗದ ವಿಚಾರ. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುವ ದೊಡ್ಡ ಹಡಗು ಅಂದರೆ ಕಾರ್ಡೆಲಿಯಾ ಕಂಪನಿಯ 'ಎಂಪ್ರೆಸ್'. 1990ರಲ್ಲಿ ಯಾನ ಶುರುಮಾಡಿದ ಹಡಗು ಅದು. ಬಹುಕಾಲ ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ದುಡಿದು, 2021ರ ಸೆಪ್ಟೆಂಬರ್‌ನಿಂದ ನಮ್ಮ ಕಡಲಿನಲ್ಲಿ ಓಡಾಡುತ್ತಿದೆ. ಇದರ ದೇಶೀಯ ಮಾರ್ಗಗಳಿಗೆಲ್ಲ ಆಧಾರ್ ನಡೆಯುತ್ತದೆ. ಆದರೆ ಇದೇ ಹಡಗು 2023ರಲ್ಲಿ ಚೆನ್ನೈಯಿಂದ ಶ್ರೀಲಂಕಾಕ್ಕೂ ಹೋಗತೊಡಗಿತು. ಅಲ್ಲಿಗೆ ಪಾಸ್‌ಪೋರ್ಟ್ ಬೇಕೇ ಬೇಕು. ಹಡಗಿನ ಹೆಸರು ನೋಡಿ "ನಮ್ಮ ಅತ್ತಿಗೆ ಆಧಾರ್‌ನಲ್ಲೇ ಹೋಗಿದ್ದರಲ್ಲ" ಅಂದುಕೊಂಡು ಬುಕ್ ಮಾಡಬೇಡಿ. ಮುಟ್ಟುವ ಬಂದರುಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿ. ಇನ್ನು ಸಿಂಗಪುರದಿಂದ, ದುಬೈಯಿಂದ ಹೊರಡುವ ಹಡಗುಗಳ ಮಾತು ಬಿಡಿ, ಬಂದರು ತಲುಪುವುದಕ್ಕೇ ಪಾಸ್‌ಪೋರ್ಟ್ ಬೇಕಲ್ಲ.

ನದಿಯ ಕ್ರೂಸ್ ಆದರೆ ಪಾಸ್‌ಪೋರ್ಟ್ ರಗಳೆಯೇ ಇಲ್ಲ ಅನ್ನುವ ನಂಬಿಕೆಯೂ ಇದೆ. 2023ರ ಜನವರಿಯಲ್ಲಿ ಪ್ರಧಾನಿ ಚಾಲನೆ ಕೊಟ್ಟ ಗಂಗಾ ವಿಲಾಸ್ ಹೊರಟಿದ್ದು ವಾರಾಣಸಿಯಿಂದ, ತಲುಪಿದ್ದು ಅಸ್ಸಾಮಿನ ದಿಬ್ರುಗಢಕ್ಕೆ. ಎರಡೂ ಕೊನೆ ಭಾರತದಲ್ಲೇ. ಆದರೆ ಆ 51 ದಿನಗಳ, 3,200 ಕಿ.ಮೀ. ಯಾನ ನಡುವೆ ಬಾಂಗ್ಲಾದೇಶವನ್ನು ಹಾದು ಹೋಗುತ್ತದೆ! ಅಮ್ಮನಿಗೆ ಗಂಗೆಯ ಮೇಲೆ ಹೋಗುವ ಆಸೆ ಇದ್ದರೆ ವಾರಾಣಸಿ–ಕೋಲ್ಕತ್ತ ನಡುವಿನ ತುಂಡು ಪ್ರಯಾಣಗಳನ್ನು ಹುಡುಕಿ.

ಇನ್ನು ಗುರುತಿನ ಚೀಟಿ. ಪಾಸ್‌ಪೋರ್ಟ್ ಬೇಡ ಅಂದಮಾತ್ರಕ್ಕೆ ಕಾಗದಪತ್ರದ ಕೆಲಸ ಮುಗಿಯಲಿಲ್ಲ. ನಮ್ಮ ತಾಯಂದಿರ ತಲೆಮಾರಿನವರ ಹೆಸರು ಒಂದೊಂದು ಚೀಟಿಯಲ್ಲಿ ಒಂದೊಂದು ಥರ. ಪಡಿತರ ಚೀಟಿಯಲ್ಲಿ ಜಯಲಕ್ಷ್ಮಮ್ಮ, ಬ್ಯಾಂಕಿನಲ್ಲಿ ಜಯಲಕ್ಷ್ಮಿ, ಆಧಾರ್‌ನಲ್ಲಿ ಹಿಂದೊಂದು ಇನಿಷಿಯಲ್, ಮತದಾರರ ಚೀಟಿಯಲ್ಲಿ ಮುಂದೊಂದು. ಹುಟ್ಟಿದ ದಿನದ ಕತೆ ಇನ್ನೂ ಚೆಂದ. ಆಧಾರ್ ಮಾಡಿಸುವಾಗ ಇಸವಿ ಮಾತ್ರ ಹೇಳಿದ ಎಷ್ಟೋ ಹಿರಿಯರು ಕಾರ್ಡಿನಲ್ಲಿ ಜನವರಿ 1ಕ್ಕೆ ಹುಟ್ಟಿದ್ದಾರೆ. ಶಾಲೆಗೆ ಹೋದವರದ್ದಾದರೆ ಮೇಷ್ಟರು ಸೇರಿಸಿಕೊಳ್ಳಲು ಅನುಕೂಲವಾಗುವಂತೆ ಬರೆದುಕೊಂಡ ತಾರೀಕು. ಇದನ್ನೆಲ್ಲ ಈಗ ಸರಿಮಾಡುತ್ತ ಕೂರಬೇಕಾಗಿಲ್ಲ. ಯಾವ ಚೀಟಿಯನ್ನು ಬಂದರಿನಲ್ಲಿ ತೋರಿಸುತ್ತೀರೋ ಅದರಲ್ಲಿ ಇದ್ದಂತೆ, ಅಕ್ಷರ ಅಕ್ಷರ ನೋಡಿಕೊಂಡು ಟಿಕೆಟ್ ಮಾಡಿಸಿ. ಏಜೆಂಟರಿಗೆ ಫೋನಿನಲ್ಲಿ ಹೆಸರು ಹೇಳಬೇಡಿ, ಕಾರ್ಡಿನ ಫೋಟೊ ಕಳಿಸಿ. ಅವರು ಕಳಿಸಿದ ಟಿಕೆಟ್ ಪಕ್ಕದಲ್ಲಿ ಕಾರ್ಡ್ ಇಟ್ಟುಕೊಂಡು ಓದಿ. ಪ್ಯಾನ್ ಕಾರ್ಡ್ ಒಂದನ್ನೇ ನಂಬಿ ಹೋಗಬೇಡಿ. ಮೊಬೈಲಿನ ಫೋಟೊ ತೋರಿಸಿದರಾಯಿತು ಅಂತಲೂ ಅಲ್ಲ.

ಲಕ್ಷದ್ವೀಪಕ್ಕಾದರೆ ಇನ್ನೊಂದು ಕಾಗದ ಬೇಕು, ಪ್ರವೇಶ ಪರವಾನಗಿ. ಅದು ಭಾರತದ್ದೇ ಜಾಗವಾದರೂ ಅಲ್ಲಿನವರಲ್ಲದ ಭಾರತೀಯರಿಗೂ ಪರವಾನಗಿ ಇಲ್ಲದೆ ಕಾಲಿಡುವಂತಿಲ್ಲ. ಕ್ರೂಸ್‌ನವರು ನಿಮ್ಮ ವಿವರ ತೆಗೆದುಕೊಂಡು ಅವರೇ ಮಾಡಿಸುತ್ತಾರೆ. ಅದಕ್ಕೇ ಕೊನೇ ಗಳಿಗೆಯಲ್ಲಿ ಬುಕ್ ಮಾಡಬಾರದು ಅನ್ನುವುದು. ನನಗೆ ಇದರಲ್ಲೊಂದು ತಮಾಷೆ ಕಾಣುತ್ತದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ, ಈ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಕಲೆಕ್ಟರರ ಆಡಳಿತ. ತೆಂಗಿನ ನಾರು, ಕೊಬ್ಬರಿ ತುಂಬಿದ ಹಾಯಿ ಹಡಗುಗಳು ಅಲ್ಲಿಂದ ಮಂಗಳೂರಿನ ಬಂದರಿಗೇ ಬರುತ್ತಿದ್ದವು. ನಮ್ಮಮ್ಮ ಹುಟ್ಟಿದಾಗ ನಮ್ಮ ನೆರೆಯ ಜಿಲ್ಲೆಯ ಭಾಗವಾಗಿದ್ದ ಊರಿಗೆ ಈಗ ಅರ್ಜಿ ಹಾಕಿಕೊಂಡು ಹೋಗಬೇಕು. (ವಿದೇಶಿ ಪೌರತ್ವ ಪಡೆದ ಮಗನೋ ಮಗಳೋ ಜೊತೆಗೆ ಬರುವುದಾದರೆ ಅವರಿಗೆ ಪಾಸ್‌ಪೋರ್ಟ್ ಬೇಕು, ಲಕ್ಷದ್ವೀಪದ ನಿಯಮವೂ ಬೇರೆ. ಬುಕ್ ಮಾಡುವ ಮೊದಲೇ ಹೇಳಿ.)

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ.

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ನೀರು. ಹಡಗು ದೂರದಲ್ಲೇ ನಿಲ್ಲುತ್ತದೆ, ಚಿಕ್ಕ ದೋಣಿಗಳು ಬಂದು ಜನರನ್ನು ತುಂಬಿಕೊಂಡು ಹೋಗುತ್ತವೆ. ಜಾಹೀರಾತಿನ ವಿಡಿಯೊದಲ್ಲಿ ಹಸಿರು ನೀರು ಕಾಣುತ್ತದೆ, ಈ ದೋಣಿ ಹತ್ತುವ ಕ್ಷಣ ಕಾಣುವುದಿಲ್ಲ. ಹಡಗಿನ ಪಕ್ಕೆಯಲ್ಲಿ, ನೀರಿನ ಮಟ್ಟಕ್ಕೆ ಹತ್ತಿರದಲ್ಲಿ ಒಂದು ಬಾಗಿಲು ತೆಗೆಯುತ್ತಾರೆ. ಅದರಾಚೆ ದೋಣಿ. ಅಲೆ ಬಂದಾಗ ದೋಣಿಯ ಅಂಚು ಬಾಗಿಲಿನ ಮಟ್ಟಕ್ಕೆ ಏರುತ್ತದೆ, ಅಲೆ ಹೋದಾಗ ಮೊಣಕಾಲುದ್ದ ಕೆಳಗಿಳಿಯುತ್ತದೆ. ಆಚೆ ಇಬ್ಬರು, ಈಚೆ ಇಬ್ಬರು ನಿಂತು ಒಬ್ಬೊಬ್ಬರ ಮೊಣಕೈ ಹಿಡಿದು, ದೋಣಿ ಏರಿದ ಗಳಿಗೆ ನೋಡಿ "ಈಗ" ಅನ್ನುತ್ತಾರೆ. ಆ "ಈಗ"ಕ್ಕೆ ಸರಿಯಾಗಿ ಕಾಲು ಎತ್ತಿಡಬೇಕು. ನಮಗೆ ನಿಮಗೆ ಅದೊಂದು ಹೆಜ್ಜೆ. ಮಂಡಿನೋವಿನವರಿಗೆ, ಕಾಲೆತ್ತುವ ಮೊದಲು ಒಂದು ಸಲ ಯೋಚಿಸುವ ವಯಸ್ಸಿನವರಿಗೆ ಅದು ಹಾಗಲ್ಲ. ಇಳಿದವರು ಮತ್ತೆ ಅದೇ ರೀತಿ ಹತ್ತಿಯೂ ಬರಬೇಕು, ಆಗ ಬಿಸಿಲಲ್ಲಿ ಅಲೆದು ಸುಸ್ತಾಗಿರುತ್ತದೆ. ಗಾಲಿಕುರ್ಚಿಯವರನ್ನು ಈ ದೋಣಿಗೆ ಹತ್ತಿಸುವ ಆಸೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು.

ನಮ್ಮಮ್ಮ ಆ ಬಾಗಿಲ ಹತ್ತಿರ ಬಂದು, ದೋಣಿ ಏರಿಳಿಯುವುದನ್ನು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹತ್ತೇ ಬಿಡುತ್ತಾರೇನೋ ಅಂತ ನನಗೆ ಎದೆ ಧಸಕ್ಕೆಂದಿತು. ಆಮೇಲೆ ನನ್ನ ಕಡೆ ತಿರುಗಿ, "ನೀನು ಹೋಗಿ ನೋಡ್ಕೊಂಡು ಬಾರೇ, ನಾನು ಇಲ್ಲೇ ಕೂತಿರ್ತೀನಿ. ಅಲ್ಲೂ ತೆಂಗಿನಮರ ತಾನೇ?" ಅಂದರು. ನಾನೂ ಹೋಗಲಿಲ್ಲ. ಜನರೆಲ್ಲ ಇಳಿದುಹೋದ ಮೇಲೆ ಹಡಗು ನಮ್ಮದೇ ಆಯಿತು. ಲಿಫ್ಟಿಗೆ ಕಾಯುವಂತಿಲ್ಲ, ಊಟದ ಹಾಲಿನಲ್ಲಿ ಸಾಲಿಲ್ಲ, ಮೇಲಿನ ಡೆಕ್ಕಿನಲ್ಲಿ ನೆರಳಿರುವ ಕುರ್ಚಿ ಬೇಕಾದಷ್ಟು. ಅಮ್ಮ ನನಗೆ ಗೊತ್ತೇ ಇಲ್ಲದ ಸಂಬಂಧಿಕರ ಜಗಳಗಳನ್ನೆಲ್ಲ ಅಲ್ಲಿ ಕೂತು ಹೇಳಿ ಮುಗಿಸಿದರು. ಕಾಫಿ ಮಾತ್ರ ಅವರಿಗೆ ಹಿಡಿಸಲಿಲ್ಲ. ಯಂತ್ರದ ಕಾಫಿ, ಪಾಪ, ಎಷ್ಟು ಮಾಡೀತು.

ಹಾಗಾಗಿ ನನ್ನ ಸಲಹೆ ಇದು: ಮೊದಲ ಸಲಕ್ಕೆ ಹಡಗು ಕಟ್ಟೆಗೆ ತಾಗಿ ನಿಲ್ಲುವ ಊರುಗಳ ಮಾರ್ಗ ಹಿಡಿಯಿರಿ. ಗೋವಾದ ಮೊರ್ಮುಗಾವ್, ಕೊಚ್ಚಿ ಇಂಥವು. ಅಲ್ಲೂ ಹಡಗಿನಿಂದ ಕಟ್ಟೆಗೆ ಏಣಿಹಾದಿ ಇರುತ್ತದೆ, ಉಬ್ಬರ ಇಳಿತಕ್ಕೆ ತಕ್ಕಂತೆ ಅದರ ಇಳಿಜಾರು ಹೆಚ್ಚು ಕಡಿಮೆಯಾಗುತ್ತದೆ. ಆದರೂ ಕೈಹಿಡಿಗೆ ಕಂಬಿ ಇದೆ, ನಿಧಾನಕ್ಕೆ ಇಳಿಯಬಹುದು, ಯಾರೂ "ಈಗ" ಅನ್ನುವುದಿಲ್ಲ. ಲಕ್ಷದ್ವೀಪವೇ ಬೇಕು ಅನ್ನುವವರು ಕೊಚ್ಚಿಯಿಂದ ಹೊರಡುವ ಸರ್ಕಾರಿ ಹಡಗಿನ 'ಸಮುದ್ರಂ' ಪ್ಯಾಕೇಜ್ ಬಗ್ಗೆ ಕೇಳುತ್ತಾರೆ. ಎಂ.ವಿ. ಕವರತ್ತಿ ಒಳ್ಳೆಯ ಹಡಗೇ, ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುತ್ತದೆ. ಅಲ್ಲೂ ಚಿಕ್ಕ ದೋಣಿಗೆ ದಾಟುವ ಕೆಲಸವಿದೆ, ಅದೂ ದ್ವೀಪ ದ್ವೀಪಕ್ಕೂ. ಗಟ್ಟಿಮುಟ್ಟಾದವರಿಗೆ ಹೇಳುತ್ತೇನೆ, ಮಂಡಿನೋವಿನವರಿಗೆ ಹೇಳುವುದಿಲ್ಲ.

ಕಾಲ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಸಹವಾಸ ಬೇಡ. ಕೋಣೆ ಆರಿಸುವಾಗ ಹಡಗಿನ ಮಧ್ಯಭಾಗದ್ದು, ಕೆಳ ಅಂತಸ್ತಿನದು ಕೇಳಿ, ಅಲ್ಲಿ ಓಲಾಟ ಕಡಿಮೆ. ಮೂತಿಯ ಕಡೆ ಮತ್ತು ಮೇಲ್ಗಡೆ ಹೆಚ್ಚು. ವಾಂತಿ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಇಟ್ಟುಕೊಳ್ಳಿ. ಕೆಲವಕ್ಕೆ ವಯಸ್ಸಾದವರಿಗೆ ಮಂಪರು ಬರುತ್ತದೆ, ಓಲಾಡುವ ಹಡಗಿನಲ್ಲಿ ಮಂಪರಿನಲ್ಲಿ ನಡೆಯುವುದು ಅಪಾಯ. ದಿನದ ಗುಳಿಗೆಗಳನ್ನು ಎರಡು ಮೂರು ದಿನ ಹೆಚ್ಚಿಗೆ, ಚೀಟಿಯ ಸಮೇತ, ಕೈಚೀಲದಲ್ಲೇ ಇಡಿ. ದೊಡ್ಡ ಸೂಟ್‌ಕೇಸ್‌ಗಳನ್ನು ಬಂದರಿನಲ್ಲಿ ಬೇರೆ ತೆಗೆದುಕೊಂಡು, ಆಮೇಲೆ ಕೋಣೆಗೆ ಮುಟ್ಟಿಸುತ್ತಾರೆ. ನಡುಗಡಲಿನಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಊರಿನಲ್ಲಿರುವ ತಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅವನು ಗಾಬರಿಯಾಗಿ ಎಲ್ಲರಿಗೂ ಫೋನ್ ಮಾಡುತ್ತಾನೆ. ಊಟದ ಚಿಂತೆ ಬೇಡ, ಸಸ್ಯಾಹಾರ ಧಾರಾಳ, ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಜೈನ ಊಟ ಕೇಳಿದರೆ ಕೊಡುತ್ತಾರೆ.

ಹಡಗು ಹೊರಡುವಾಗ ಒಂದು ಅಭ್ಯಾಸ ಮಾಡಿಸುತ್ತಾರೆ, ಅದನ್ನು ಮೊದಲೇ ಅಮ್ಮನಿಗೆ ತಿಳಿಸಿರಿ. ಸೈರನ್ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗುತ್ತದೆ. ಆಪತ್ತು ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಅಂತ ತೋರಿಸುತ್ತಾರೆ. ಟೈಟಾನಿಕ್ ಮುಳುಗಿದ ಮೇಲೆ ಹುಟ್ಟಿದ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಇದು ಕಡ್ಡಾಯ. 2012ರಲ್ಲಿ ಇಟಲಿ ಬಳಿ ಕೋಸ್ಟಾ ಕಾನ್ಕಾರ್ಡಿಯಾ ಮಗುಚಿದ ಮೇಲೆ ಇನ್ನಷ್ಟು ಬಿಗಿಯಾಯಿತು, ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಮುಗಿಸಬೇಕು. ಅಮ್ಮ ಸೈರನ್ ಕೇಳಿ "ಹತ್ತಿ ಇನ್ನೂ ಅರ್ಧ ಗಂಟೆ ಆಗಿಲ್ಲ, ಆಗಲೇ ಮುಳುಗ್ತಿದೆಯೇನೇ?" ಅಂತ ಪಕ್ಕದ ಗುಜರಾತಿ ಹೆಂಗಸಿನ ಕೈ ಹಿಡಿದುಕೊಂಡಿದ್ದರು. ಆ ಹೆಂಗಸೂ ಇವರ ಕೈ ಬಿಡಲಿಲ್ಲ. ಭಾಷೆ ಬಾರದಿದ್ದರೂ ಕೊನೆಯವರೆಗೆ ಇಬ್ಬರೂ ಒಟ್ಟಿಗೇ ಊಟಕ್ಕೆ ಹೋಗುತ್ತಿದ್ದರು.

"ಹಾಗಾದರೆ ಪಾಸ್‌ಪೋರ್ಟ್ ಮಾಡಿಸುವುದೇ ಬೇಡವಾ?" ಅನ್ನುವುದು ಮುಂದಿನ ಪ್ರಶ್ನೆ. ಮಾಡಿಸಿ. ಆದರೆ ಟಿಕೆಟ್ ಕೊಂಡು, ದಿನ ಎಣಿಸುತ್ತ ಮಾಡಿಸಬೇಡಿ. ದೊಡ್ಡವರ ಪಾಸ್‌ಪೋರ್ಟ್‌ಗೆ 10 ವರ್ಷದ ಆಯಸ್ಸು, ಎಪ್ಪತ್ತೆಂಟಕ್ಕೆ ಮಾಡಿಸಿದರೂ ದಂಡವಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಪದ್ಧತಿ ದೇಶದಲ್ಲೇ ಮೊದಲು ಶುರುವಾದದ್ದು 2017ರ ಜನವರಿಯಲ್ಲಿ, ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಈಗ ಬಹಳ ಊರುಗಳಿಗೆ ಬಂದಿದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ಹೊಸದಾಗಿ ಅರ್ಜಿ ಹಾಕುವ 60 ದಾಟಿದವರಿಗೆ ಶುಲ್ಕದಲ್ಲಿ ಶೇ 10 ರಿಯಾಯಿತಿ ಇದೆ. ಹಳೆ ತಲೆಮಾರಿನವರಲ್ಲಿ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಅದಿಲ್ಲದಿದ್ದರೂ ಶಾಲೆಯ ವರ್ಗಾವಣೆ ಪತ್ರ, ಪ್ಯಾನ್, ಎಲ್‌ಐಸಿ ಬಾಂಡ್, ಪಿಂಚಣಿ ದಾಖಲೆ ಇಂಥವುಗಳಲ್ಲಿ ಹುಟ್ಟಿದ ದಿನ ಇದ್ದರೆ ಆಗುತ್ತದೆ. ತೊಡಕು ಬರುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಇಡುವಂತಿಲ್ಲ, ಬಿಡಿಸಿ ಬರೆಯಬೇಕು. 'ಕೆ.' ಅಂದರೆ ಊರೋ ಗಂಡನ ಹೆಸರೋ ಅನ್ನುವುದು ಮನೆಯಲ್ಲಿ ಮೊದಲು ತೀರ್ಮಾನವಾಗಬೇಕು. ನಮ್ಮಲ್ಲಿ ಅದಕ್ಕೇ ಒಂದು ಸಂಜೆ ಹಿಡಿಯಿತು.

ಅಮೆರಿಕದಲ್ಲಿರುವ ಕನ್ನಡಿಗರು ಕೇಳುವ ಪ್ರಶ್ನೆ ಮೇಲುನೋಟಕ್ಕೆ ಇದೇ, ಉತ್ತರ ಬೇರೆ. ಅಲ್ಲಿಯ ಒಂದೇ ಬಂದರಿನಿಂದ ಹೊರಟು ಕೆರಿಬಿಯನ್, ಬಹಾಮಾಸ್, ಮೆಕ್ಸಿಕೊ ಕಡೆ ಹೋಗಿ ಅದೇ ಬಂದರಿಗೆ ಮರಳುವ ಹಡಗಾದರೆ ಅಮೆರಿಕದ ಪ್ರಜೆಗಳು ಪಾಸ್‌ಪೋರ್ಟ್ ಇಲ್ಲದೆ ಹೋಗಬಹುದು. ಜನನ ಪ್ರಮಾಣಪತ್ರ ಮತ್ತು ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ಸಾಕು. ಇಲ್ಲಿ ಹುಟ್ಟಿ ಅಲ್ಲಿ ಪೌರತ್ವ ಪಡೆದ ಅಪ್ಪ ಅಮ್ಮಂದಿರಿಗೆ ಜನನ ಪತ್ರದ ಬದಲು ಪೌರತ್ವದ ಪ್ರಮಾಣಪತ್ರ. ಹಾಗಂತ ನಾನಾದರೆ ಹೋಗುವುದಿಲ್ಲ. ಮೆಕ್ಸಿಕೊದ ಯಾವುದೋ ದ್ವೀಪದಲ್ಲಿ ಅಪ್ಪನಿಗೆ ಎದೆನೋವು ಬಂದು ಹಡಗು ಬಿಟ್ಟು ಹೋದರೆ ವಿಮಾನದಲ್ಲಿ ಮರಳಲು ಪಾಸ್‌ಪೋರ್ಟ್ ಬೇಕೇ ಬೇಕು. ಗೋವಾದಲ್ಲಿ ಹಾಗಾದರೆ ಆಧಾರ್ ತೋರಿಸಿ ಮುಂದಿನ ವಿಮಾನಕ್ಕೋ ರೈಲಿಗೋ ಹತ್ತಿಸಬಹುದು. ಇನ್ನು ಪ್ರವಾಸಿ ವೀಸಾದಲ್ಲಿ ಮಗಳ ಮನೆಗೆ ಹೋಗಿರುವ ಅಮ್ಮನಿಗೆ ಆ ವಿನಾಯಿತಿ ಯಾವುದೂ ಅನ್ವಯಿಸದು. ಭಾರತದ ಪಾಸ್‌ಪೋರ್ಟ್ ಚಾಲ್ತಿಯಲ್ಲಿ ಇರಬೇಕು, ಮರಳಿ ಅಮೆರಿಕ ಪ್ರವೇಶಿಸುವ ವೀಸಾನೂ ಇರಬೇಕು.

ಗಾಲಿಕುರ್ಚಿಯಲ್ಲಿರುವವರ ಬಗ್ಗೆ ಕೇಳುವವರಿಗೆ ಒಂದು ಮಾತು. ಬುಕ್ ಮಾಡುವಾಗಲೇ ಹೇಳಿ, ಬಂದರಿನಲ್ಲಿ ಹೋಗಿ ಹೇಳಬೇಡಿ. ಗಾಲಿಕುರ್ಚಿ ಒಳಗೆ ಹೋಗುವಷ್ಟು ಅಗಲದ ಬಾಗಿಲು, ಬಚ್ಚಲಿನಲ್ಲಿ ಹಿಡಿಕೆ ಇರುವ ಕೋಣೆಗಳು ಹಡಗಿನಲ್ಲಿ ಕೆಲವೇ ಇರುತ್ತವೆ, ಮೊದಲು ಕೇಳಿದವರಿಗೆ ಸಿಗುತ್ತವೆ. ಬಂದರಿನವರು ಕೊಡುವ ಕುರ್ಚಿ ಹಡಗು ಹತ್ತುವವರೆಗೆ ಮಾತ್ರ ಅಂತ ಇಟ್ಟುಕೊಂಡು, ಸ್ವಂತದ್ದನ್ನೇ ಒಯ್ಯಿರಿ, ಮಡಚುವಂಥದ್ದು. ಕುರ್ಚಿಯ ಅಗಲ ಅಳೆದು ಬರೆದಿಟ್ಟುಕೊಂಡು ಏಜೆಂಟರಿಗೆ ಫೋನ್ ಮಾಡಿ, ಕೋಣೆಯ ಬಾಗಿಲು, ಬಚ್ಚಲ ಬಾಗಿಲು ಎರಡರ ಅಳತೆಯನ್ನೂ ಮೇಲ್‌ನಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಎಲ್ಲರೂ "ಆಗುತ್ತೆ ಮೇಡಂ" ಅನ್ನುತ್ತಾರೆ.